ಗ್ರೋಜ್ದಾನನ ನಲವತ್ತನೆಯ ದಿನ

ಗ್ರೋಜ್ದಾನನ ಮನೆ ಬಾಗಿಲಿಗೆ ಅವನ ಸಾವಿನ ಸುದ್ದಿಯ ಚೀಟಿ ಅಂಟಿಸಿದ ದಿನ ಗೆಳೆಯ ಮೆತೋದಿ ಮಗುವಿನಂತೆ ಅತ್ತಿದ್ದ. ಆತ್ಮ ಈ ಲೋಕ ಬಿಟ್ಟು ಹೊರಡುತ್ತದೆನ್ನುವ ನಲವತ್ತನೆಯ ದಿನ, ಪ್ಲೋವ್ದಿವ್ ಊರಿನ ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಕೊಳ್ಳುವ ಸಾಲಿನಲ್ಲಿ ಅವನು ನಿಂತಿದ್ದಾಗ, ಮುಂದೆ ಗ್ರೋಜ್ದಾನನ ಹೆಂಡತಿ ಸ್ತೊಯ್ಮೆಂಕಾ ತಂಗಿ ಗಿನ್ಕಾಳೊಡನೆ ಪಿಸುಗುಡುತ್ತಿದ್ದಳು.

“ನಮ್ಮೋರು ಕಂಪ್ಯೂಟರ್‌ನಲ್ಲಿ ಲಾರಿ ಆಟ ಆಡೋದನ್ನ ಲೈವ್ ನೋಡ್ತಿದ್ರಲ್ಲ ಹೊರದೇಶದವರು, ಅವರಿಗೆ ಸುದ್ದಿ ಹೇಳೋಣಾಂತ ನಿನ್ನೆ ನಾನೇ ಎಲ್ಲಾ ಜೋಡಿಸ್ದೆ ಕಣೇ. ಕ್ಯಾಮೆರಾ ಬಂತು, ಮೈಕ್ ಬಾಯೇ ಬಿಡ್ಲಿಲ್ಲ.”

“ಟೈಪ್ ಮಾಡ್ಬೇಕಿತ್ತು.”

“ನಂಗೆಲ್ಲಿ ಬರತ್ತೆ? ಗ್ರೋಜ್ದಾನ್ ಮತ್ತೆ ಬರ್ತಾರಾ ಅಂತ ಬರೆದು ಕೇಳಿದ್ರು. ಇಲ್ಲ ಅಂತ ತಲೆ ಮೇಲೆ ಕೆಳಗೆ ಆಡಿಸ್ದೆ.”

“ಅಯ್ಯೋ ಅಕ್ಕಾ! ಹಾಗೆ ಆಡಿಸಿದ್ರೆ ನಮ್ಮಲ್ಲಿ ‘ಇಲ್ಲ’ ಅಂತ, ಅವರ ದೇಶದಲ್ಲಿ ‘ಹೌದು’ ಅಂತ!”

“ಅದಕ್ಕೇ ಚಪ್ಪಾಳೆ ಚಿತ್ರ ಸುರಿಸಿದ್ರು! ನಂಗೆ ಅಳು ಬಂತು. ಆನಂದಬಾಷ್ಪ ಅಂದ್ಕೊಂಡು ಹೃದಯದ ಚಿತ್ರಾನೂ ಕಳಿಸಿದ್ರು.”

“ಈಗೇನ್ಮಾಡ್ತೀಯಾ?”

“ಮೈಕ್ ರಿಪೇರಿ ಮಾಡಿಸಿ ಇವತ್ತೇ ಹೇಳ್ತೀನಿ. ಅಷ್ಟು ಜನ ಕಾಯ್ತಿದ್ರೆ ನಮ್ಮೋರ ಆತ್ಮಕ್ಕೆ ಹೊರಡೋಕೆ ಮನಸ್ಸು ಬರತ್ತೇನೇ?”

ಬತ್ತಿ ಹಿಡಿದು ಇಬ್ಬರೂ ಒಳಗೆ ನಡೆದರು. ಮೆತೋದಿ ನಗುವನ್ನು ಗಡ್ಡದೊಳಗೆ ಅಡಗಿಸಿ ತನ್ನ ಬತ್ತಿ ಹಚ್ಚಿದ.

“ದೇವರೇ, ನಿನ್ನ ಬಾಗಿಲಲ್ಲಿ ಯಾರಾದರೂ ಏನಾದರೂ ಕೇಳಿದರೆ, ನಮ್ಮ ಗ್ರೋಜ್ದಾನ ತಲೆಯಾಡಿಸದೆ ಬಾಯಿಬಿಟ್ಟು ಹೇಳಲಿ. ಅವನ ಆತ್ಮಕ್ಕೆ ಶಾಂತಿ ಕೊಡು.”