ರಾಣಿ ಸಾಯುವ ಹೊತ್ತು

“ಅಕ್ಕಾ, ನಿನ್ನೆನೂ ನೀನು ಮೊದಲೇ ಸತ್ತುಬಿಟ್ಟೆ.”

ಬಸ್ಸಿಗೆ ಕಾಯುತ್ತಿದ್ದ ಹುಡುಗಿ ಬೆಚ್ಚಿ ತಿರುಗಿದಳು. ಹಿಂದೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತ ಗಂಡಸು, ಪಕ್ಕದಲ್ಲಿ ಗೆಜ್ಜೆಯ ಚೀಲ ಹಿಡಿದ ಅವನ ಅಕ್ಕ. ಅವನು ಹಾಡುವವನು, ಅವಳು ಕುಣಿಯುವವಳು.

“ಇನ್ನೂರು ವರ್ಷದ ಹಿಂದೆ ಸತ್ತ ರಾಣಿ ಕಣೋ. ಒಂದು ಪದ್ಯ ಮುಂಚೆ ಸತ್ರೆ ಯಾರಿಗೇನು ನಷ್ಟ?”

“ನನಗೆ! ಕೋಟೆ ಬೀಳೋ ಪದ್ಯದಲ್ಲೇ ನೀನೂ ಬಿದ್ರೆ, ಕಥೆ ಮುಗೀತು ಅಂತ ಡೋಲಿನವನು ನಿಲ್ಲಿಸಿಬಿಡ್ತಾನೆ. ಜನ ಚಪ್ಪಾಳೆ ತಟ್ಟಿ ಚಪ್ಪಲಿ ಹುಡುಕ್ತಾರೆ. ರಾಣಿ ಮಗಳಿಗೆ ಹೇಳೋ ಕೊನೇ ಮಾತನ್ನ ಯಾರಿಗೆ ಹಾಡ್ಲಿ, ಖಾಲಿ ಕುರ್ಚಿಗಾ?”

“ಹೆಣದ ಪಕ್ಕ ನಿಂತು ಹಾಡು. ಹೆಣ ಕೇಳುತ್ತೆ.”

“ತಮಾಷೆ ಬೇಡ. ವರ್ಷಗಟ್ಟಲೆ ತಿದ್ದಿ ತಿದ್ದಿ ಕಟ್ಟಿದ ಪದ್ಯ ಅದು. ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.”

ಅಕ್ಕ ರಸ್ತೆಯ ಕಡೆ ಮುಖ ತಿರುಗಿಸಿದಳು.

“ಅಷ್ಟೊತ್ತಿಗೆ ಮಂಡಿ ಸೋತುಹೋಗುತ್ತೆ ಕಣೋ. ನಾನು ಸಾಯ್ತಾ ಇಲ್ಲ, ಬೀಳ್ತಾ ಇದ್ದೀನಿ.”

“ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀನು ಬೇರೆಯವಳನ್ನ ರಾಣಿ ಮಾಡ್ತಿದ್ದೆ.”

ಅವರ ಬಸ್ಸು ಬಂತು. ಅಕ್ಕ ಕಂಬಿ ಹಿಡಿದು ಮೆಟ್ಟಿಲ ಬಳಿ ತಡವರಿಸಿದಳು. ಅವನು ಸಿಡುಕುತ್ತಲೇ ಚೀಲ ಕಿತ್ತುಕೊಂಡು, ತೋಳು ಹಿಡಿದು ಹತ್ತಿಸಿದ.

“ಇವತ್ತು ಸ್ಟೇಜ್ ಮೇಲೆ ಸಿಂಹಾಸನ ಹಾಕಿಸ್ತೀನಿ. ಕೂತುಕೊಂಡೇ ಯುದ್ಧ ಮಾಡು. ಆದ್ರೆ ನಾನು ಹಾಡಿ ಮುಗಿಸೋವರೆಗೂ ಸಾಯಬೇಡ, ಮಾರಾಯ್ತಿ!”

ಬಸ್ಸು ಹೊರಟಿತು.