ಲೋಪ್‌ಬುರಿಯಲ್ಲಿ ತಪ್ಪಿದ ರೈಲು

...ಅಯ್ಯೋ, ಬಾಗಿಲಲ್ಲೇ ಯಾಕೆ ನಿಂತೆ ಜಿಯಪ್, ಬಂದವಳು ಒಳಗೆ ಬಾ. ಆ ಕಿತ್ತಳೆ ಹಣ್ಣು ಅಲ್ಲಿ ಮೇಜಿನ ಮೇಲಿಡು. ರಂಫಾ ಕಳಿಸಿದ್ಲಾ? ಸುನೀನಾ? ಓ, ಮೂರೂ ಜನ ಸೇರಿ ತಗೊಂಡ್ರಾ! ಸರಿ ಸರಿ. ಮೂರು ಜನ ಸೇರೋದು ನಿಮಗೆ ಚೆನ್ನಾಗಿ ರೂಢಿಯಾಗಿದೆ.

ಕೋಪಾನಾ? ನನಗೆ ಯಾಕಮ್ಮಾ ಕೋಪ? ಲೋಪ್‌ಬುರಿ ಸ್ಟೇಷನ್ನಲ್ಲಿ ನನ್ನೊಬ್ಬಳನ್ನ ಬಿಟ್ಟು ಮೂರೂ ಜನ ರೈಲು ಹತ್ತಿ ಬ್ಯಾಂಕಾಕಿಗೆ ಬಂದ್ಬಿಟ್ರಿ, ಅಷ್ಟೇ ತಾನೆ? ಇಪ್ಪತ್ತಾರು ವರ್ಷ ಆಸ್ಪತ್ರೆಯ ಹೊಲಿಗೆ ಕೋಣೇಲಿ ಒಂದೇ ಸಾಲಲ್ಲಿ ಕೂತು ರೋಗಿಗಳ ಅಂಗಿ ಹೊಲಿದವರು ನಾವು. ಪಕ್ಕದಲ್ಲಿ ಒಬ್ಬಳು ಇಲ್ಲ ಅಂತ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ಆಗುತ್ತೆ ಬಿಡು. ಹೊಲಿದು ಹೊಲಿದು ಕಣ್ಣು ಮಂಜಾಗಿರುತ್ತೆ.

ಅವತ್ತು ಬೆಳಿಗ್ಗೆ ಹೋಗ್ತಾ ರೈಲಲ್ಲೇ ನನಗೆ ಗೊತ್ತಾಗ್ಬೇಕಿತ್ತು. ನೀವು ಮೂವರು ಎದುರುಬದುರು ಕೂತ್ರಿ, ನಾಲ್ಕನೇ ಜಾಗದಲ್ಲಿ ರಂಫಾಳ ಚೀಲ. ಚೀಲ! "ವಂದೀ, ನೀನು ಆ ಕಡೆ ಕೂತ್ಕೊಳ್ಳೇ, ಗಾಳಿ ಬರುತ್ತೆ" ಅಂದ್ಲು. ಸುಟ್ಟ ಕೋಳಿ, ಅಂಟು ಅನ್ನ ನಿಮ್ಮ ಮೂವರ ಕೈ ದಾಟಿ ನನಗೆ ಬಂತು. ಒಂದು ರೆಕ್ಕೆ ತುಂಡು ಉಳಿದಿತ್ತು. ತಿಂದೆ. ಒಂದು ಮಾತಾಡಿದ್ನಾ? ...ಹೂಂ, ಉಪ್ಪು ಜಾಸ್ತಿ ಅಂದೆ. ಜಾಸ್ತಿ ಇತ್ತು ಕಣೇ!

ಅಷ್ಟರಲ್ಲಿ ಆ ಸುನೀ, "ಹುವಾಹಿನ್ ಬೀಚಲ್ಲಿ ತಿಂದ್ವಲ್ಲ, ಆ ಕೋಳಿ ರುಚಿನೇ ಬೇರೆ" ಅಂದ್ಲು. ರಂಫಾ ಅವಳ ಕಾಲು ತುಳಿದಿದ್ದು ನೋಡ್ದೆ ನಾನು. ಯಾವಾಗ ಹೋಗಿದ್ರಿ? ಏಪ್ರಿಲ್‌ನ ಹೊಸವರ್ಷದ ರಜದಲ್ಲಾ? ನಾನು ಮನೇಲಿ ಒಬ್ಬಳೇ ಕೂತು ಸೆಕೆಗೆ ಬೀಸ್ಕೋತಿದ್ನಲ್ಲ, ಆಗಲಾ?... ಬೇಡ, ಹೇಳ್ಬೇಡ. ಕಿವುಡಿ ಹಾಗೆ ಕಿಟಕಿ ಆಚೆ ಗದ್ದೆ ನೋಡ್ತಾ ಕೂತೆ.

ಯಾಕೆ ನಗ್ತೀಯ? ಕೋತಿ ನೆನಪಾಯ್ತಾ? ಮೂರು ಗೋಪುರದ ಗುಡಿ ಮುಂದೆ ಆ ದರಿದ್ರದ್ದು ನನ್ನ ಹ್ಯಾಟು ಕಿತ್ಕೊಂಡು ಹೋಯ್ತಲ್ಲ, ಅದಾ? ಸುನೀ ನಕ್ಕು ನಕ್ಕು ನೆಲಕ್ಕೆ ಕೂತ್ಲು. ಇಡೀ ಬೀದಿ ನಕ್ತು. ಬೇರೆಯವರು ನಗ್ಲಿ, ನೀನೂ ನಕ್ಕೆ ಜಿಯಪ್.

ಅರಮನೆ ಅಂಗಳದಲ್ಲಿ ಫೋಟೋ ತೆಗೆಸ್ಕೊಂಡ್ರಿ. ನಾನು ಮರದ ಕೆಳಗೆ ಕೂತಿದ್ದೆ. ಕರೆದ್ರಿ, ಹೌದು, ಇಲ್ಲ ಅನ್ನಲ್ಲ. ಒಂದ್ಸಲ ಕರೆದ್ರಿ. ಒಂದೇ ಸಲ. ಒಂದ್ಸಲ ಕರೆದ ತಕ್ಷಣ ಎದ್ದು ಓಡಿ ಬರೋಕೆ ನಾನೇನು ಕೆಲಸದವಳಾ?

ಆಮೇಲೆ ಸಂಜೆ ರೈಲು. ನಾನು ಶೌಚಾಲಯಕ್ಕೆ ಹೋಗಿದ್ದೆ. ಈಚೆ ಬರೋಷ್ಟರಲ್ಲಿ ರೈಲು ಹೊರಟೇಬಿಟ್ಟಿತ್ತು. ನಿಮ್ಮ ರೈಲು ಅಯುತ್ಥಯ ಸ್ಟೇಷನ್ ದಾಟಿದ ಮೇಲೆ ರಂಫಾ ಫೋನು. "ಎಲ್ಲಿದ್ದೀಯೇ ವಂದೀ? ಬೋಗಿ ಬೋಗಿ ಹುಡುಕಿದೆ. ನೀನು ಹಿಂದಿನ ಬೋಗಿ ಹತ್ತಿದ್ದು ನೋಡ್ದೆ ಅಂತ ಜಿಯಪ್ ಹೇಳಿದ್ಲಲ್ಲ!"

ಜಿಯಪ್ ಹೇಳಿದ್ಲು.

ಯಾಕೆ ಹಾಗೆ ಹೇಳ್ದೆ? ...ನನ್ನ ಥರಾನೇ ಹಳದಿ ಅಂಗಿ ಹಾಕಿದ್ದ ಯಾರನ್ನೋ ನೋಡಿ, ನಾನೇ ಅಂತ ನೀನು ಅಂದ್ಕೊಂಡೆ. ಅಲ್ವಾ? ಜನ ಇದ್ರು, ನೂಕುನುಗ್ಗಲು, ಆಗುತ್ತೆ. ಹೌದು ಅಂದ್ಬಿಡು. ನಾನು ನಂಬ್ತೀನಿ. ಆ ಹಣ್ಣು ಸುಲಿದು ಇಬ್ರೂ ತಿನ್ನೋಣ.

ಅನ್ನೇ.

ನಾನು ಶೌಚಾಲಯಕ್ಕೆ ಹೋಗಿದ್ದೆ ಅಂದ್ನಲ್ಲ! ...ಹಾಗೆ ನೋಡ್ಬೇಡ ನನ್ನ. ನೋಡ್ಬೇಡ ಅಂದೆ!

ಸರಿ. ಹೋಗಿರ್ಲಿಲ್ಲ. ಪ್ಲಾಟ್‌ಫಾರಂ ಕಂಬದ ಹಿಂದೆ ನಿಂತಿದ್ದೆ. ಬೇಕಂತಲೇ. "ವಂದೀ ಎಲ್ಲಿ?" ಅಂತ ಒಬ್ಬಳು ಕೇಳ್ತಾಳಾ, ಒಬ್ಬಳಾದ್ರೂ ಇಳಿದು ಬರ್ತಾಳಾ, ನೋಡೋಣ ಅಂತ. ಅಷ್ಟೇ. ಬಂದಿದ್ರೆ ಏನೂ ಅನ್ನದೆ ಹತ್ತಿಬಿಡ್ತಿದ್ದೆ... ಹಿಂದೊಂದ್ಸಲ ಹೀಗೇ ಬಚ್ಚಿಟ್ಕೊಂಡಾಗ ಬಾಂಗ್‌ಸೇನ್ ಸಮುದ್ರದ ಹತ್ರ ನೀನು ಹುಡುಕ್ಕೊಂಡು ಬಂದೆ. ರಾಚಬುರಿಯ ವಿಹಾರದಲ್ಲೂ ಬಂದೆ, ಮಳೇಲಿ ನೆನೀತಾ ನನ್ನ ಹೆಸರು ಕೂಗ್ತಾ. ಪ್ರತಿ ಸಲ ನೀನೇ. ಪ್ರತಿ ಸಲ ದಾರಿ ತಪ್ತು ಅಂತ ನಾನು ಹೇಳ್ತಿದ್ದೆ, ಹೌದಾ ಅಂತ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ ನೀನು...

ಗೊತ್ತಿತ್ತಾ ನಿಂಗೆ? ಮೊದಲ್ನಿಂದಲೂ?

...ಗೊತ್ತಿತ್ತು ನಿಂಗೆ.

ಈ ಸಲ ನೀನು ಕಿಟಕಿ ಹತ್ರ ಕೂತಿದ್ದೆ. ನನ್ನನ್ನೇ ನೋಡ್ದೆ, ಬೇರೆ ಯಾರನ್ನೂ ಅಲ್ಲ. ಕೈ ಮೇಲೆತ್ತಿದೆ. ಕರೀತಿದ್ದಾಳೆ ಅಂತ ನಾನು ಕಂಬ ಬಿಟ್ಟು ಈಚೆ ಬಂದೆ ಕಣೇ, ನಗ್ತಾ ಬಂದೆ...

ನೀನು ಕಿಟಕಿ ಬಾಗಿಲು ಕೆಳಗೆಳೆದೆ.