ಮೂರು ಇಂಚು ಎತ್ತರ

ಅಲ್ಲರಿ ಮಕ್ಬೂಲ ಚಾಚಾ, ನಾ ಏನ್ ನಿಮ್ಮ ಕೆಲಸಕ್ಕ ಹೆಸರಿಟ್ಟೀನಾ? ಇಲ್ಲಲ್ಲ! ಎರಡು ತಿಂಗಳ ಹಿಂದ ಇದೇ ಮೈಲೂರ ಅಂಗಡಿಗಿ ಬಂದು ಹಿಂದಿನ ಸ್ಪ್ರಿಂಗ್ ಪಾಟಾ ಎತ್ತರಿಸಿ ಕೊಡ್ರಿ ಅಂದಾಂವ ನಾನೇ. ಕುರಿ ಹೇರಿದ್ರ ಪಿಕಪ್ಪಿನ ಹಿಂಭಾಗ ನೆಲಕ್ಕ ಕೂಡ್ತದ ಅಂದೆ, ನೀವು ಎರಡು ಪಟ್ಟಿ ಜಾಸ್ತಿ ಹಾಕಿ ಮೂರು ಇಂಚು ಎತ್ತಿದ್ರಿ. ನಮ್ಮ ಸಂತಪುರದಾಗ ಮಂದಿ ನಿಂತು ನಿಂತು ನೋಡಿದ್ರು! ಅಮೋಲನ ಗಾಡಿ ಗೂಳಿ ನಿಂತಂಗ ನಿಂತದ ಅಂದ್ರು... ಈಗ ಅದನ್ನೇ ಬಿಚ್ಚರಿ ಅಂತ ಬಂದೀನಿ. ಅಷ್ಟೇ.

ಯಾಕ ನಗ್ತೀರಿ? ನಗಬ್ಯಾಡ್ರಿ ಚಾಚಾ. ಇವತ್ತ ನಗಬ್ಯಾಡ್ರಿ.

ಎಷ್ಟು ಮೆತ್ತಗ ಅಂದ್ರ... ಭಾಳ ಮೆತ್ತಗ. ಸಂಜಿ ನಾಲ್ಕರ ಒಳಗ ಆಗಬೇಕು. ಹಂಪ್ ಮ್ಯಾಲ ಹಾದ್ರ ಹಿಂದ ಮಲಗಿದವರಿಗಿ ತಿಳೀಬಾರದು. ಅಂದ್ರ... ಮಲಗಿದ ಕುರಿಗೋಳಿಗಿ.

ಹೆಲ್ಪರ್ ಪಟ್ಟಿನಾ? ಅದೇನದ? ಹಾಂ... ಮ್ಯಾಲಿನ ಪಟ್ಟಿ ವಜನ ಬಿದ್ದಾಗ ಅಷ್ಟೇ ಮುಟ್ತದ, ಖಾಲಿ ಇದ್ದಾಗ ಮುಟ್ಟಂಗಿಲ್ಲ. ನಡೀತದ, ನಡೀತದ! ಎಷ್ಟು ವಜನ ಹೇರ್ತಿ ಅಂತೀರಾ? ಕುರಿನೇ ರಿ. ಮೂವತ್ತು ಕುರಿ. ಹತ್ತು ಕ್ವಿಂಟಲ್ ಹಿಡೀರಿ.

ಹಿಂಗ್ಯಾಕ ನೋಡ್ತೀರಿ? ಹೌದ್ರಿ, ಹತ್ತು ಕ್ವಿಂಟಲ್ಲಿಗಿ ಮೆತ್ತನ ಪಾಟಾ ತಡ್ಯಾಂಗಿಲ್ಲ, ನನಗೂ ಗೊತ್ತದ. ಇವತ್ತ ಕುರಿ ಇಲ್ಲರಿ. ಇವತ್ತ ವಜನ ಕಡಿಮಿ. ಎಷ್ಟು? ಕಡಿಮಿ ಅಂದೆನಲ್ಲ! ...ನಲವತ್ತೆರಡು ಕಿಲೋ.

ಬೋಲ್ಟ್ ಬಿಚ್ಚೂ ಪಾನಾ ಯಾಕ ಕೆಳಗ ಇಟ್ರಿ?

ಒಂದೇ ಕುರಿ ರಿ. ದೊಡ್ಡ ಕುರಿ, ಬೆನ್ನಿಗಿ ಪೆಟ್ಟಾಗ್ಯದ. ಹೋದ ವಾರ ಭಾತಂಬ್ರಾದಾಗ ಮಾಲು ಇಳಿಸಿ ಹೊಳ್ಳಿ ಬರ್ತಿದ್ದೆ. ಹಂಪ್ ಕಾಣಲಿಲ್ಲ. ಖಾಲಿ ಗಾಡಿ, ಇಷ್ಟು ಬಿರುಸು ಪಾಟಾ... ಹಿಂದಿಂದು ಹಾರೇ ಬಿಟ್ತು. ನೀವು ಹೇಳಿದ್ರಿ. ಖಾಲಿ ಇದ್ದಾಗ ಮೆಲ್ಲಕ ಹೊಡಿ, ಹಿಂದ ಮನಷ್ಯಾರ್ನ ಕೂಡಸಬ್ಯಾಡ... ಹೇಳಿದ್ರಿ. ಇಲ್ಲ ಅನ್ನಂಗಿಲ್ಲ.

ಗಾಡಿ ಹಿಂದ ಅಲ್ಲೇನ್ ನೋಡ್ತೀರಿ? ಅದು ಗಾದಿ ರಿ. ಅರಳಿ ಗಾದಿ. ಅದು ತಲಿದಿಂಬು... ಕುರಿಗಿ ಯಾರು ತಲಿದಿಂಬು ಹಾಕ್ತಾರ ಅಂತ ಕೇಳ್ರಿ ಮತ್ತ! ಕೇಳ್ರಿ! ಬೈಯರಿ!

...ನಮ್ಮವ್ವ ರಿ. ಚಂದ್ರಭಾಗಾ. ನೀವು ನೋಡೀರಿ, ಇಲ್ಲೇ ಕುಂತು ಚಾ ಕುಡದು ಹೋಗ್ಯಾಳ. ಹೋಗೂಮುಂದ ಮರಿಗೋಳ ಹಿಡ್ಕೊಂಡು ಹಿಂದ ಕುಂತಿದ್ಲು. ಬರೂಮುಂದ ಮುಂದ ಬಾ ಅನ್ನಬೇಕಿತ್ತು. ಇಬ್ಬರು ವ್ಯಾಪಾರಿಗೋಳು ಭಾಲ್ಕಿ ತನಕ ಬರ್ತೀವಿ ಅಂದ್ರು. ಅವರ್ನ ಹಿಂದ ಹ್ಯಾಂಗ ಕೂಡಸಲಿ? ಅಕಿಗೇ ಅಂದೆ, ಅವ್ವಾ, ಅಲ್ಲೇ ಇರು, ಇಲ್ಲೇ ಹೋಗೂದದ ಅಂತ. ಅಕಿ ಬಡಿದ್ಲು ರಿ. ಕ್ಯಾಬಿನ್ ಮ್ಯಾಲ ಎರಡು ಸಲ ಬಡಿದ್ಲು, ಮೆಲ್ಲಕ ಹೊಡಿ ಅಂತ. ನನಗ ಕೇಳಿಸ್ತು. ಖರೇ ಹೇಳ್ತೇನಿ, ಕೇಳಿಸ್ತು. ಗಾಡಿ ಹ್ಯಾಂಗ ಓಡ್ತದ ನೋಡ್ರಿ ಅಂತ ಆ ಮಂದಿಗಿ ತೋರಸಲಿಕತ್ತಿದ್ದೆ...

ಬೆನ್ನೆಲಬು ಬಿರಕ್ ಬಿಟ್ಟದ. ಇವತ್ತ ನಾಲ್ಕಕ್ಕ ದವಾಖಾನಿಯಿಂದ ಬಿಡ್ತಾರ. ಮಲಗಿಸೇ ಒಯ್ಯಬೇಕು. ಅಂಬುಲೆನ್ಸ್ ಬ್ಯಾಡ ಅಂತಾಳ. ಬ್ಯಾರೆ ಗಾಡಿ ಯಾಕ, ನನ್ನ ಮಗಂದೇ ಅದ ಅಂತ ವಾರ್ಡಿನವರಿಗೆಲ್ಲಾ ಹೇಳಿ ಇಟ್ಟಾಳ. ನನ್ನ ಗಾಡಿ ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ನಾ ಹೇಳಬೇಕಾಗ್ತದಲ್ಲರಿ...

ಯಾರಿಗೂ ಗೊತ್ತಿಲ್ಲ ಚಾಚಾ. ಅಂಗಳದಾಗ ಜಾರಿ ಬಿದ್ದೆ ಅಂತ ಹೇಳ್ಯಾಳ ಅಕಿ. ಡಾಕ್ಟರಿಗೂ ಅದೇ, ನಮ್ಮ ಅಪ್ಪಗೂ ಅದೇ. ನಾ ಬಾಜೂಕೇ ನಿಂತಿದ್ದೆ. ಹೂಂ ಅಂದೆ.

ನಿನ್ನಿ ಮಧ್ಯಾಹ್ನ ಯಾರೂ ಇರಲಿಲ್ಲ. ನಾವಿಬ್ಬರೇ. ಕಾಲ ಹಿಡದು ಅಂದೆ, ಅವ್ವಾ, ನಂದೇ ತಪ್ಪು, ನಾನೇ ನಿನ್ನ ಹಿಂದ ಕೂಡಿಸಿದೆ...

ಏನಂದ್ಲು ಗೊತ್ತೇನ್ರಿ? ನನ್ನ ಮಾರಿ ಸೈತ ನೋಡಲಿಲ್ಲ. "ಹುಚ್ಚ ಅದೀ ಏನೋ? ನಾ ಅಂಗಳದಾಗ ಬಿದ್ದೀನಿ. ನೀ ಆವಾಗ ಊರಾಗೇ ಇರಲಿಲ್ಲ," ಅಂದ್ಲು.